ಪಾಯದ ಗುಂಡಿ: ಒಂದು ಮೀಮಾಂಸೆ

ಇಂಗ್ಲೆಂಡಿನಲ್ಲಿ ಅಡುಗೆಮನೆಯನ್ನು ಹಿತ್ತಲಿನತ್ತ ಹಿಗ್ಗಿಸಲು ಕೌನ್ಸಿಲಿನ ಪ್ಲಾನಿಂಗ್ ಅನುಮತಿ ಪಡೆದ ಗೃಹಸ್ಥನಿಗೆ ಸಾಮಾನ್ಯವಾಗಿ 3 ವರ್ಷ ಆಯುಷ್ಯದ ಒಂದು ಕಾಗದ ಪ್ರಾಪ್ತವಾಗುತ್ತದೆ. ಮೊದಲ ವರ್ಷ ಅದನ್ನು ನೆಂಟರಿಗೆ ತೋರಿಸುವುದರಲ್ಲಿ, ಎರಡನೆಯದು ಬಿಲ್ಡರನಿಗೆ ಫೋನ್ ಮಾಡುವುದರಲ್ಲಿ, ಮೂರನೆಯದು ಅವನು ಫೋನ್ ಎತ್ತದಿರುವುದರಲ್ಲಿ ಕಳೆಯುತ್ತದೆ. ಕೊನೆಯ ತಿಂಗಳು ಗೃಹಸ್ಥನಿಗೆ ಆಗುವ ಜ್ಞಾನೋದಯವೇ ಪ್ರಸ್ತುತ ಪ್ರಬಂಧದ ವಿಷಯ.

ಮೂಲಗ್ರಂಥ, 1990ರ ಟೌನ್ ಅಂಡ್ ಕಂಟ್ರಿ ಪ್ಲಾನಿಂಗ್ ಕಾಯ್ದೆ. ಅದರ 91ನೇ ಸೆಕ್ಷನ್ ಅವಧಿಯೊಳಗೆ ಕೆಲಸ ಶುರುವಾಗಬೇಕು ಎನ್ನುತ್ತದೆ, ಮುಗಿಯಬೇಕು ಎನ್ನುವುದಿಲ್ಲ. ದರ್ಶನವೆಲ್ಲ ಅಡಗಿರುವುದು ಈ ಮೌನದಲ್ಲಿ. ಹಾಗಾದರೆ ಶುರು ಯಾವುದು? 56ನೇ ಸೆಕ್ಷನ್ ಉದಾರಿ: ಪಾಯಕ್ಕೆಂದು ಗುಂಡಿ ತೋಡಿದರೆ ಶುರು, ಪಾಯದ ತನಕ ನೆಲದಡಿ ಪೈಪ್ ಎಳೆದರೂ ಶುರು. ಇಡೀ ಪಾಯದ್ದೇ ಆಗಬೇಕೆಂದಿಲ್ಲ, ಒಂದು ಪಾಲಿನ ಗುಂಡಿ ಸಾಕು. 1982ರ ಮಾಲ್ವರ್ನ್ ಹಿಲ್ಸ್ ಪ್ರಕರಣದಲ್ಲಂತೂ ರಸ್ತೆಯ ಗುರುತಿಗೆ ಗೂಟ ಹೊಡೆದದ್ದನ್ನೇ ಕೋರ್ಟು ಆರಂಭವೆಂದು ಒಪ್ಪಿತು. ಅಲ್ಲಿಂದಾಚೆ ವಿದ್ವಾಂಸರನ್ನು ಗೂಟಪಂಥಿಗಳು, ಗುಂಡಿಪಂಥಿಗಳು ಎಂದು ವಿಂಗಡಿಸಬಹುದು.

ಪೂರ್ವಪಕ್ಷ: ಹಾಗಾದರೆ ನಮ್ಮ ಗುದ್ದಲಿಪೂಜೆ? ಮಂತ್ರಿಗಳು ಅರಿಶಿನ-ಕುಂಕುಮ ಹಚ್ಚಿದ ಗುದ್ದಲಿಯನ್ನು ಮೊದಲೇ ಸಡಿಲಿಸಿಟ್ಟ ಮಣ್ಣಿಗೆ ಒಮ್ಮೆ ತಾಗಿಸಿ, ಫೋಟೊ ಆದ ಕೂಡಲೇ ಕಾರು ಹತ್ತುತ್ತಾರಲ್ಲ? ಸಿದ್ಧಾಂತ: ಸಲ್ಲದು. ಮಣ್ಣು ಕೆದಕಿದರೆ ಸಾಲದು, ಮಂಜೂರಾದ ನಕ್ಷೆಯಲ್ಲಿ ಗೋಡೆ ಎಲ್ಲಿದೆಯೋ ಗುಂಡಿ ಅಲ್ಲೇ ಬೀಳಬೇಕು. ಮುಂದೆ ಕಟ್ಟುವ ಮನಸ್ಸು ನಿಜಕ್ಕೂ ಇದೆಯೇ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಈ ಒಂದು ವಿಷಯದಲ್ಲಿ ಎರಡೂ ದೇಶಗಳದು ಒಂದೇ ಸಂಪ್ರದಾಯ.

ಇನ್ನು ಕಠಿಣ ಭಾಗ. ಅನುಮತಿಪತ್ರದ ಕೆಳಗೆ ಸಣ್ಣಕ್ಷರದಲ್ಲಿ 'ಕೆಲಸ ಆರಂಭಿಸುವ ಮುನ್ನ ಇಟ್ಟಿಗೆಯ ಮಾದರಿಗೆ ಒಪ್ಪಿಗೆ ಪಡೆಯತಕ್ಕದ್ದು' ಎಂಬಂಥ ಷರತ್ತಿರುತ್ತದೆ. ಅದನ್ನು ಪೂರೈಸದೆ ಅಗೆದರೆ, 1992ರ ವಿಟ್ಲಿ ತೀರ್ಪಿನ ನಂತರ, ಆ ಅಗೆತ ಸಾಮಾನ್ಯವಾಗಿ ಆರಂಭವೆನಿಸದು. ಅಂದರೆ ಕಣ್ಣಿಗೆ ಕಾಣುವ, ಬಿದ್ದರೆ ಕಾಲು ಮುರಿಯುವ, ಆದರೆ ಕಾನೂನಿನ ಲೆಕ್ಕಕ್ಕೆ ಇಲ್ಲದ ಗುಂಡಿ. ಹಗ್ಗ-ಹಾವುಗಳನ್ನೇ ಹಿಡಿದು ಕೂತ ನಮ್ಮ ವೇದಾಂತಿಗಳಿಗೆ ಈ ದೃಷ್ಟಾಂತ ಸಿಗದೇ ಹೋದದ್ದು ನಷ್ಟವೇ ಸರಿ.

ಪಕ್ಕದ ಮನೆಯವರನ್ನು ಮರೆತವನ ಗತಿ ಇನ್ನೂ ಕರುಣಾಜನಕ. ಅವರ ಕಟ್ಟಡದಿಂದ 3 ಮೀಟರಿನೊಳಗೆ, ಅವರ ಪಾಯಕ್ಕಿಂತ ಆಳವಾಗಿ ಅಗೆಯುವುದಾದರೆ 1996ರ ಪಾರ್ಟಿ ವಾಲ್ ಕಾಯ್ದೆಯಂತೆ ಒಂದು ತಿಂಗಳ ಮುಂಚಿತ ನೋಟಿಸು ಕೊಡಬೇಕು. ಅವಧಿಗೆ ಎರಡು ವಾರವಿರುವಾಗ ಇದು ತಿಳಿದವನು ಕೇಕ್ ಹಿಡಿದು ನೆರೆಮನೆಯ ಬಾಗಿಲು ತಟ್ಟುವುದೇ ಶಾಸ್ತ್ರಸಮ್ಮತ ಪರಿಹಾರ.

ಎಲ್ಲ ಗೆದ್ದು ಗುಂಡಿ ತೋಡಿ, ಅಳತೆಪಟ್ಟಿ ಇಳಿಬಿಟ್ಟು, ತಾರೀಖಿನ ಸಮೇತ ಫೋಟೊ ತೆಗೆದವನ ಅನುಮತಿ ಬಹುಮಟ್ಟಿಗೆ ಚಿರಂಜೀವಿ. ಬೇಸತ್ತ ಕೌನ್ಸಿಲು 94ನೇ ಸೆಕ್ಷನ್ನಿನಡಿ ಮುಕ್ತಾಯದ ನೋಟಿಸು ಕೊಡಬಹುದು, ಅದಕ್ಕೂ ಕನಿಷ್ಠ 12 ತಿಂಗಳ ಗಡುವು. ಅಷ್ಟರಲ್ಲಿ ಲಂಡನ್ನಿನ ಜೇಡಿಮಣ್ಣಿನ ಗುಂಡಿಯಲ್ಲಿ ಮಳೆನೀರು ನಿಂತು, ಕಾಯ್ದೆಯ ರಕ್ಷಣೆಯಿರುವ ಗ್ರೇಟ್ ಕ್ರೆಸ್ಟೆಡ್ ನ್ಯೂಟ್ ಎಂಬ ಉಭಯಜೀವಿ ಬಂದು ಸಂಸಾರ ಹೂಡಿದರೆ, ಈ ಪ್ರಬಂಧಕ್ಕೆ ಎರಡನೆಯ ಸಂಪುಟ ಅನಿವಾರ್ಯ.