ಗಣಕವ್ಯಜನ ಧ್ವನಿಮೀಮಾಂಸೆ

ಮನೆಯ ಗಣಕಯಂತ್ರದೊಳಗಿನ ಫ್ಯಾನು ಹೊತ್ತುಗೊತ್ತಿಲ್ಲದೆ ರಭಸದಿಂದ ತಿರುಗಿ ಮಾಡುವ ಸದ್ದನ್ನು ಕುರಿತು ಪ್ರಾಚೀನ ಆಲಂಕಾರಿಕರು ಒಂದು ಕಾರಿಕೆಯನ್ನೂ ರಚಿಸದೆ ಹೋದದ್ದು ಭಾರತೀಯ ಕಾವ್ಯಮೀಮಾಂಸೆಯ ದೊಡ್ಡ ಕೊರತೆಯಾಗಿದೆ. ಒಂಬತ್ತನೆಯ ಶತಮಾನದ ಆನಂದವರ್ಧನನು ಧ್ವನಿಯೇ ಕಾವ್ಯದ ಆತ್ಮವೆಂದು ಸಾರಿದನಾದರೂ, ಕಾಶ್ಮೀರದ ಚಳಿಯಲ್ಲಿದ್ದ ಆತನಿಗೆ ಪ್ರೊಸೆಸರನ್ನು ತಣಿಸುವ ಪ್ರಸಂಗವೇ ಬರಲಿಲ್ಲವಾದ್ದರಿಂದ ಈ ಲೋಪವನ್ನು ಕ್ಷಮಿಸಬಹುದು. ಹುಕ್ಕೇರಿ ತಾಲೂಕಿನ ದಡ್ಡಿಯಿಂದ ಗೋಕಾಕ, ಮೂಡಲಗಿಗಳವರೆಗೆ ಹಬ್ಬಿದ ಸೀಮೆಯ ಗೃಹಗಣಕಗಳನ್ನು ಲಕ್ಷ್ಯವಾಗಿಟ್ಟುಕೊಂಡು ಆ ಕೊರತೆಯನ್ನು ತುಂಬುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಈ ಶಾಸ್ತ್ರದ ವಿಷಯವು ಸದ್ದು, ಪ್ರಯೋಜನವು ನಿದ್ದೆ, ಅಧಿಕಾರಿ, ಅಂದರೆ ಇದನ್ನು ಓದಲು ಅರ್ಹನಾದವನು, ವಾರಂಟಿ ಮುಗಿದವನು.

ಶಬ್ದಕ್ಕೆ ಮೂರು ವೃತ್ತಿಗಳನ್ನು ಶಾಸ್ತ್ರಕಾರರು ಹೇಳಿದ್ದಾರೆ: ನೇರ ಅರ್ಥವನ್ನು ಕೊಡುವುದು ಅಭಿಧೆ, ನೇರ ಅರ್ಥಕ್ಕೆ ಬಾಧೆ ಬಂದಾಗ ಅದರ ನೆರೆಯ ಅರ್ಥವನ್ನು ಕೊಡುವುದು ಲಕ್ಷಣೆ, ಬಾಯಿಬಿಟ್ಟು ಹೇಳದೆಯೇ ಹೊಳೆಯಿಸುವುದು ವ್ಯಂಜನೆ. ಗಂಗೆಯ ಮೇಲೆ ಹಟ್ಟಿ ಎಂಬ ಹಳೆಯ ಉದಾಹರಣೆಯನ್ನು ಈ ಸೀಮೆಗೆ ಒಗ್ಗಿಸಿ ಘಟಪ್ರಭೆಯ ಮೇಲೆ ದಡ್ಡಿ ಎಂದರೆ, ಹೊಳೆಯ ನೀರಿನ ಮೇಲೆ ಊರು ನಿಲ್ಲಲಾರದ್ದರಿಂದ ದಂಡೆಯ ಮೇಲಿನ ಊರೆಂದು ಲಕ್ಷಣೆಯಿಂದ ತಿಳಿಯಬೇಕಾಗುತ್ತದೆ. 2019ರ ಆಗಸ್ಟಿನ ಮಹಾಪೂರದಲ್ಲಿ ಮಾತ್ರ ಈ ಹೊಳೆಯ ದಂಡೆಯ ಎಷ್ಟೋ ಊರುಗಳಿಗೆ ಅಭಿಧೆಯೇ ಸಾಕಾಗಿ ಲಕ್ಷಣೆಗೆ ಕೆಲಸವೇ ಉಳಿಯಲಿಲ್ಲ. ಹಾಗೆಯೇ ಫ್ಯಾನಿನ ಸದ್ದಿನ ವಾಚ್ಯಾರ್ಥವು ತಿರುಗುತ್ತಿದ್ದೇನೆ ಎಂಬುದು. ಲಕ್ಷ್ಯಾರ್ಥವು ಒಳಗೆ ಕಾದಿದೆ ಎಂಬುದು. ವ್ಯಂಗ್ಯಾರ್ಥವು, ಪರೀಕ್ಷೆಗೆ ಓದುತ್ತಿದ್ದಾನೆಂದು ಮನೆಮಂದಿ ನಂಬಿಕೊಂಡಿರುವ ಮಗನು ಕದ ಹಾಕಿಕೊಂಡು ಆಟವಾಡುತ್ತಿದ್ದಾನೆ ಎಂಬುದು. ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಲೇ ಈ ಮೂರನೆಯ ಅರ್ಥವನ್ನು ಗ್ರಹಿಸುವ ತಾಯಿಯೇ ಶಾಸ್ತ್ರವು ಹೇಳುವ ಸಹೃದಯಳು. ಆದರೂ ತೀರ್ಪು ಕೊಡುವ ಮೊದಲು ಟಾಸ್ಕ್ ಮ್ಯಾನೇಜರನ್ನು ತೆರೆದು ನೋಡುವುದು ನ್ಯಾಯ. ಏಕೆಂದರೆ ಆ್ಯಂಟಿವೈರಸ್ಸಿನ ತಪಾಸಣೆಯಾಗಲಿ, ತಾನಾಗಿ ಇಳಿಯುತ್ತಿರುವ ಅಪ್‌ಡೇಟ್ ಆಗಲಿ ಪ್ರೊಸೆಸರನ್ನು ಅಷ್ಟೇ ದುಡಿಸುವುದುಂಟು, ಮತ್ತು ನಿರಪರಾಧಿಯಾದ ಮಗನೂ ಒಮ್ಮೊಮ್ಮೆ ಇರುವುದುಂಟು.

ಶಬ್ದವು ನಿತ್ಯವೆಂದು ಮೀಮಾಂಸಕರೂ, ಹುಟ್ಟಿದ್ದರಿಂದಲೇ ಅನಿತ್ಯವೆಂದು ನೈಯಾಯಿಕರೂ ಶತಮಾನಗಳ ಕಾಲ ವಾದಿಸಿದರು. ರಾತ್ರಿ ಹನ್ನೊಂದರ ಬಳಿಕ ಎಲ್ಲ ಮನೆಗಳೂ ಮೀಮಾಂಸಕರ ಪಕ್ಷಕ್ಕೆ ವಾಲುತ್ತವೆ. ಸ್ವಿಚ್ಚು ತೆಗೆದರೆ ನ್ಯಾಯದರ್ಶನವು ಗೆಲ್ಲುತ್ತದೆ.

ಇನ್ನು ಲಕ್ಷಣವಿಚಾರ. ಸದ್ದು ಮಾಡುವುದೇ ಕೆಟ್ಟ ಫ್ಯಾನು ಎಂಬ ಲೋಕರೂಢಿಯ ವ್ಯಾಖ್ಯೆಯು ಒಳ್ಳೆಯ ಫ್ಯಾನಿಗೂ ಅನ್ವಯಿಸುವುದರಿಂದ ಅತಿವ್ಯಾಪ್ತಿ ದೋಷಕ್ಕೂ, ಪೂರ್ತಿ ಕೆಟ್ಟು ನಿಂತ ಫ್ಯಾನು ಮೌನವಾಗಿರುವುದರಿಂದ ಅವ್ಯಾಪ್ತಿ ದೋಷಕ್ಕೂ ಒಮ್ಮೆಗೇ ಗುರಿಯಾಗುತ್ತದೆ. ಆದ್ದರಿಂದ ಸದ್ದನ್ನು ಎರಡಾಗಿ ಒಡೆಯಬೇಕು. ಗಾಳಿಯ ಭರ್ರೆಂಬ ಸದ್ದು ಕೆಲಸ ಹೆಚ್ಚಿದಂತೆ ಏರಿ, ಕೆಲಸ ಇಳಿದಂತೆ ಇಳಿಯುತ್ತದೆ. ವೇಗವು ಇಮ್ಮಡಿಯಾದರೆ ಗಾಳಿಯೂ ಇಮ್ಮಡಿಯಾಗುತ್ತದೆಯಾದರೂ ತಿರುಗಿಸಲು ಬೇಕಾಗುವ ಶಕ್ತಿ ಎಂಟು ಪಟ್ಟಾಗಿ, ಸದ್ದು ಸುಮಾರು 15 ಡೆಸಿಬೆಲ್ ಏರುವುದರಿಂದ, ಸ್ವಲ್ಪ ತಂಪಿಗೆ ಬಹಳ ಗದ್ದಲವನ್ನು ಕೊಳ್ಳಬೇಕಾದ ಈ ವ್ಯಾಪಾರವು ಪ್ರಕೃತಿನಿಯಮವೇ ಆಗಿದೆ. ಗರಗರ, ಕರಕರ ಎಂಬ ಸದ್ದಾದರೋ ಫ್ಯಾನಿನ ನಡುವಿನ ಬೇರಿಂಗಿನದು. ಒಳಗಿನ ಎಣ್ಣೆ ಒಣಗಿದಾಗ ಹುಟ್ಟುವ ಇದು ಯಂತ್ರವನ್ನು ಆಗಷ್ಟೇ ಹಚ್ಚಿದಾಗ ಜೋರಾಗಿದ್ದು, ಡಬ್ಬಿಯನ್ನು ಓರೆ ಮಾಡಿದರೆ ರಾಗ ಬದಲಿಸುತ್ತದೆ. ಪ್ರೊಸೆಸರಿನದು, ಪವರ್ ಸಪ್ಲೈನದು, ಗ್ರಾಫಿಕ್ಸ್ ಕಾರ್ಡಿನದು ಎಂದು ಒಂದೇ ಡಬ್ಬಿಯಲ್ಲಿ ಹಲವು ಫ್ಯಾನುಗಳಿರುವಾಗ ಯಾವುದು ಕೂಗುತ್ತಿದೆ ಎಂಬ ಸಂಶಯಕ್ಕೆ ಕಾಗದದ ಸುರುಳಿಯೇ ಪ್ರಮಾಣ: ಫ್ರಾನ್ಸಿನ ವೈದ್ಯ ಲೆನೆಕ್ 1816ರಲ್ಲಿ ರೋಗಿಯ ಎದೆಯ ಸದ್ದು ಕೇಳಲು ಸುತ್ತಿದ ಕಾಗದದಿಂದಲೇ ಸ್ಟೆತಸ್ಕೋಪಿನ ಪರಂಪರೆ ಹೊರಟಿತಾದ್ದರಿಂದ, ಹಳೆಯ ಕ್ಯಾಲೆಂಡರಿನ ಹಾಳೆಯನ್ನು ಸುತ್ತಿ ಕಿವಿಗಿಟ್ಟುಕೊಂಡವನನ್ನು ನೋಡಿ ಮನೆಯವರು ನಗುವುದು ಇತಿಹಾಸಜ್ಞಾನದ ಅಭಾವವನ್ನು ತೋರಿಸುತ್ತದೆ.

ಕಾರಣದ ವಿಷಯದಲ್ಲಿ ಪೂರ್ವಪಕ್ಷಗಳು, ಅಂದರೆ ಖಂಡಿಸುವುದಕ್ಕೆಂದೇ ಮೊದಲು ಎತ್ತಿಕೊಳ್ಳುವ ಎದುರಾಳಿಯ ಮತಗಳು, ಹಲವಿವೆ. ಅವುಗಳಲ್ಲಿ ಬಲವಾದದ್ದು ವೋಲ್ಟೇಜ್‌ವಾದ. 1887ರಲ್ಲೇ ಜಲಪಾತದ ನೀರಿನಿಂದ ವಿದ್ಯುತ್ತು ತೆಗೆದ ಗೋಕಾಕವೂ, 1969ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘವನ್ನು ಕಟ್ಟಿಕೊಂಡ ಹುಕ್ಕೇರಿಯೂ ಇರುವ ಸೀಮೆಯಲ್ಲಿ ಪ್ರತಿಯೊಂದು ಯಂತ್ರದೋಷವನ್ನೂ ಕರೆಂಟಿಗೆ ಒಪ್ಪಿಸುವುದು ಸಹಜವೇ ಆಗಿದ್ದು, ವೋಲ್ಟೇಜು ಇಳಿದಾಗ ಮನೆಯ ಚಾವಣಿಯ ಫ್ಯಾನು ಮೆಲ್ಲಗಾಗುವುದನ್ನು ಈ ವಾದಿಗಳು ದೃಷ್ಟಾಂತವಾಗಿ ಕೊಡುತ್ತಾರೆ. ಆದರೆ ದೃಷ್ಟಾಂತವು ದಾರ್ಷ್ಟಾಂತಿಕಕ್ಕೆ, ಅಂದರೆ ಯಾವುದಕ್ಕಾಗಿ ಅದನ್ನು ಕೊಟ್ಟಿದ್ದಾರೋ ಅದಕ್ಕೆ, ಹೊಂದುವುದಿಲ್ಲ. ಚಾವಣಿಯ ಫ್ಯಾನು 230 ವೋಲ್ಟಿನ ಕರೆಂಟನ್ನು ನೇರವಾಗಿ ಉಣ್ಣುತ್ತದೆ. ಗಣಕದ ಫ್ಯಾನಿಗೆ ಎಸ್‌ಎಂಪಿಎಸ್ ಎಂಬ ಪೆಟ್ಟಿಗೆಯು ಅದನ್ನು 12 ವೋಲ್ಟಿನ ಸ್ಥಿರವಾದ ಡಿಸಿ ಮಾಡಿ ಬಡಿಸುವುದರಿಂದ, ಹೊರಗೆ ವೋಲ್ಟೇಜು ಒಂದಿಷ್ಟು ಏರಿಳಿದರೂ ಒಳಗಿನ ಫ್ಯಾನಿಗೆ ಅದರ ಸುದ್ದಿಯೇ ಮುಟ್ಟುವುದಿಲ್ಲ. ಸಹಕಾರ ಸಂಘವು ಈ ಪ್ರಕರಣದಲ್ಲಿ ದೋಷಮುಕ್ತ. ಡಬ್ಬಿಯ ತಲೆಗೆ ಗುದ್ದುವವರ ಪಕ್ಷವನ್ನು, ಅದು ಟಿವಿಯ ಕಾಲದ ಸ್ಮೃತಿಯಾದ್ದರಿಂದಲೂ, ಈಗಿನ ಎಷ್ಟೋ ಡಬ್ಬಿಗಳಲ್ಲಿ ತಿರುಗುತ್ತಿರುವ ಹಾರ್ಡ್ ಡಿಸ್ಕು ಇರುವುದರಿಂದಲೂ, ಚರ್ಚೆಯಿಲ್ಲದೆ ಬಿಡಲಾಗಿದೆ. 52 ಮೀಟರ್ ಎತ್ತರದಿಂದ ಬೀಳುವ ಗೋಕಾಕ ಜಲಪಾತದ ಮೊರೆತವನ್ನು ಖರ್ಚು ಮಾಡಿ ನೋಡಿಬರುವವರು ಅಂಗೈಯಗಲದ ಫ್ಯಾನಿನ ಸದ್ದನ್ನು ಸಹಿಸಬಾರದೇಕೆ ಎಂದು ಕೇಳುವ ಸಹಿಷ್ಣುತಾವಾದಿಗಳೂ ಇದ್ದಾರೆ; ಅವರಿಗೆ ಬೇರೆ ಕೋಣೆಯಲ್ಲಿ ಮಲಗುವ ಅನುಕೂಲವಿರುತ್ತದೆ.

ಸಿದ್ಧಾಂತವೇನೆಂದರೆ, ಫ್ಯಾನು ಸ್ವತಂತ್ರವಲ್ಲ, ಅದು ಆಜ್ಞಾಧಾರಕ. ಮದರ್‌ಬೋರ್ಡಿನಿಂದ ಬರುವ ನಾಲ್ಕು ತಂತಿಗಳಲ್ಲಿ ಎರಡು ವಿದ್ಯುತ್ತನ್ನು ತರುತ್ತವೆ, ಒಂದು ಫ್ಯಾನಿನ ವೇಗವನ್ನು ಮೇಲಕ್ಕೆ ವರದಿ ಮಾಡುತ್ತದೆ, ನಾಲ್ಕನೆಯದು ಎಷ್ಟು ತಿರುಗಬೇಕೆಂಬ ಅಪ್ಪಣೆಯನ್ನು ತರುತ್ತದೆ. ಅಪ್ಪಣೆಯೇ ಬಾರದಿದ್ದರೆ ಫ್ಯಾನು ಪೂರ್ಣವೇಗದಲ್ಲಿ ತಿರುಗುವಂತೆ ರಚಿತವಾಗಿರುವುದು, ಸಾಹೇಬರು ರಜೆಯಲ್ಲಿದ್ದಾಗ ಕಚೇರಿಗಳು ನಡೆದುಕೊಳ್ಳುವ ರೀತಿಗೆ ಸಂಪೂರ್ಣ ವಿರುದ್ಧವಾದದ್ದು. ಆದ್ದರಿಂದ ಬಯೋಸ್ ಪುಟದಲ್ಲಿ ಪ್ರೊಸೆಸರಿನ ಉಷ್ಣತೆಯನ್ನು ಮೊದಲು ಓದಬೇಕು. ಅಲ್ಲಿ 40 ಡಿಗ್ರಿಯ ಆಸುಪಾಸಿದ್ದೂ ಫ್ಯಾನು ಬೊಬ್ಬಿಡುತ್ತಿದ್ದರೆ ದೋಷವು ಅಪ್ಪಣೆಯ ದಾರಿಯಲ್ಲಿದೆ: ತಂತಿಯು ತಪ್ಪು ಪಿನ್ನಿಗೆ ಹೋಗಿರಬೇಕು, ಇಲ್ಲವೇ ಬಯೋಸಿನಲ್ಲಿ ಪೂರ್ಣವೇಗವೆಂದು ಯಾರೋ ಆರಿಸಿರಬೇಕು. 90 ದಾಟಿದ್ದರೆ ಫ್ಯಾನು ಸತ್ಯವನ್ನೇ ನುಡಿಯುತ್ತಿದೆ.

ಸತ್ಯದ ಮೂಲವು ಬಹುಪಾಲು ಧೂಳು, ಮತ್ತು ಈ ಸೀಮೆಯ ಧೂಳು ಸಾಮಾನ್ಯವಾದದ್ದಲ್ಲ. ಕಾರ್ಖಾನೆಗಳ ಹಂಗಾಮಿನಲ್ಲಿ ಕಬ್ಬು ಕಡಿದ ಹೊಲದ ರವದಿಗೆ, ಅಂದರೆ ಒಣಗಿ ಬಿದ್ದ ಸೋಗೆಗೆ, ಬೆಂಕಿ ಹಚ್ಚಿದಾಗ ಎದ್ದ ಕರಿ ಬೂದಿ, ಬೇಸಿಗೆಯಲ್ಲಿ ವರ್ಷದ ಮಸಾಲಿ ಖಾರ ಕುಟ್ಟುವಾಗಿನ ಘಾಟು, ದಾರಿಯ ಕೆಂಪು ಮಣ್ಣು, ಹಾಸಿಗೆಯ ಹತ್ತಿ, ಇವೆಲ್ಲ ಹೀಟ್ ಸಿಂಕ್ ಎಂಬ ಲೋಹದ ರೆಕ್ಕೆಗಳ ಸಾಲಿನ ಮೇಲೆ ಕಂಬಳಿಯಂತೆ ಒತ್ತಾಗಿ ಹಾಸಿಕೊಂಡು ಗಾಳಿಯ ದಾರಿಯನ್ನು ಕಟ್ಟುತ್ತವೆ. ಈ ಪದರವು ಫ್ಯಾನಿಗೂ ರೆಕ್ಕೆಗಳಿಗೂ ನಡುವೆ ಅಡಗಿರುವುದರಿಂದ ಮೇಲಿಂದ ಇಣುಕಿದವನು ಎಲ್ಲ ಸ್ವಚ್ಛವಿದೆಯೆಂದು ಸಾಕ್ಷಿ ನುಡಿಯುತ್ತಾನೆ. ಅವನ ಪ್ರತ್ಯಕ್ಷವು ಭ್ರಮೆ. ಯಂತ್ರದ ಪ್ಲಗ್ಗು ಕಿತ್ತು, ಫ್ಯಾನನ್ನು ಬಿಚ್ಚಿ, ಬಣ್ಣ ಹಚ್ಚುವ ಒಣ ಕುಂಚದಿಂದ ಆ ಪದರವನ್ನು ಎತ್ತಬೇಕು. ಊದುವ ಯಂತ್ರವನ್ನು ಬಳಸುವುದಾದರೆ ಅಲಗುಗಳನ್ನು ಬೆರಳಿನಿಂದ ಹಿಡಿದಿರಬೇಕು, ಏಕೆಂದರೆ ಹೊರಗಿನ ಗಾಳಿಗೆ ಮಿತಿಮೀರಿ ತಿರುಗಿದ ಫ್ಯಾನಿನ ಬೇರಿಂಗು ಹಾಳಾಗಿ, ಇಲ್ಲದ ರೋಗವನ್ನು ಚಿಕಿತ್ಸೆಯೇ ತಂದಂತಾಗುತ್ತದೆ. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಪ್ಲಗ್ಗು ಕಿತ್ತ ಮೇಲೂ ಬಿಚ್ಚತಕ್ಕದ್ದಲ್ಲ. ಅದರ ಕೆಪಾಸಿಟರುಗಳು ಹಗೆಯನ್ನು ಬಹಳ ಹೊತ್ತು ಮನಸ್ಸಿನಲ್ಲಿಟ್ಟುಕೊಳ್ಳುತ್ತವೆ.

ಧೂಳು ತೆಗೆದ ಮೇಲೂ ಉಷ್ಣತೆ ಇಳಿಯದೆ, ಅಂಕಿ 90 ತೋರಿಸುತ್ತಿರುವಾಗಲೇ ಹೀಟ್ ಸಿಂಕು ಮುಟ್ಟಿದಾಗ ತಣ್ಣಗಿದ್ದರೆ, ಪ್ರೊಸೆಸರಿಗೂ ಅದಕ್ಕೂ ಸಂಬಂಧ ಕಡಿದಿದೆಯೆಂದು ಅನುಮಾನ ಪ್ರಮಾಣದಿಂದ ತಿಳಿಯಬೇಕು. ಆಗ ನಾಲ್ಕು ಮೂಲೆಯ ಪ್ಲಾಸ್ಟಿಕ್ ಕಾಲುಗಳಲ್ಲಿ ಯಾವುದೋ ಒಂದು ಮೇಲೆದ್ದಿರುತ್ತದೆ, ಇಲ್ಲವೇ ನಡುವಿನ ಥರ್ಮಲ್ ಪೇಸ್ಟು ಒಣಗಿ ಪುಡಿಯಾಗಿರುತ್ತದೆ. ಹಳೆಯದನ್ನು ಒರೆಸಿ ಬಟಾಣಿ ಕಾಳಿನಷ್ಟು ಹೊಸದನ್ನು ಇಟ್ಟರೆ ಸಾಕು, ಇಲ್ಲಿ ಔದಾರ್ಯವು ಗುಣವಲ್ಲ. ಗರಗರ ಎನ್ನುವ ಬೇರಿಂಗಿಗೆ ಹನಿ ಎಣ್ಣೆ ಬಿಡುವ ಕೊಬ್ಬರಿಎಣ್ಣೆಯ ಪಂಥವೊಂದಿದ್ದು, ಅದರ ಫಲವು ಅಲ್ಪಾಯುಷಿ. ಅಂಥ ಫ್ಯಾನನ್ನು ಬದಲಿಸುವುದೇ ನಿರ್ಣಯ. ಉಳಿದವರು ಹಂಗಾಮು ಮುಗಿದು ರವದಿಯ ಹೊಗೆ ಆರಿದ ಮೇಲೆ, ಮಳೆಗಾಲ ಹಿಡಿಯುವುದರೊಳಗೆ, ವರ್ಷಕ್ಕೊಮ್ಮೆ ಮುಚ್ಚಳ ಬಿಚ್ಚಿ ಕುಂಚ ಆಡಿಸಬೇಕೆಂದು ವಿನಂತಿ; ಬಿಚ್ಚಿದ ಸ್ಕ್ರೂಗಳನ್ನು ಒಂದು ಬಟ್ಟಲಲ್ಲಿ ಹಾಕಿಡಬೇಕು.