ಮೂರನೇದು ಬೇಕು

ನಮ್ಮ ಮನೆಯಲ್ಲಿ ತೊಡುವ ಬಟ್ಟೆಯನ್ನು ಸ್ವಂತ ಬುದ್ಧಿಯಿಂದ ಆರಿಸಿಕೊಳ್ಳುವವರು ಒಬ್ಬರೇ ಒಬ್ಬರು. ಅವರಿಗೆ ಈಗ ನಾಲ್ಕು ವರ್ಷ.

ಉಳಿದವರ ಕಥೆ ಕೇಳಿ. ಅಮ್ಮನ ಬೀರುವಿನಲ್ಲಿ ಅವಳಾಗಿ ಮೆಚ್ಚಿ ಕೊಂಡ ಸೀರೆ ಎಂದು ಒಂದೂ ಇಲ್ಲ. ತವರಿನವರು ಹಬ್ಬಕ್ಕೆ ಕೊಟ್ಟದ್ದು, ಬೀಗರು ಮುಯ್ಯಿಗೆ ಕೊಟ್ಟದ್ದು, ಗೃಹಪ್ರವೇಶದಲ್ಲಿ ಬಂದದ್ದು. ಅದರಲ್ಲೂ ಅರ್ಧ, ಇನ್ಯಾರದೋ ಗೃಹಪ್ರವೇಶಕ್ಕೆ ಹೊರಡಲು ಮಡಿಕೆ ಬಿಚ್ಚದೆ ಕಾದು ಕೂತಿವೆ. ನನ್ನಾಕೆಯ ಧಾರೆ ಸೀರೆ ತರಲು ಹಿರಿಯರೆಲ್ಲ ಟೆಂಪೋ ಟ್ರಾವೆಲರ್ ಮಾಡಿಕೊಂಡು ಹೋಗಿದ್ದರು. ಮದುಮಗಳನ್ನೂ ಕರೆದೊಯ್ದಿದ್ದರು. ಬಣ್ಣ ಒಪ್ಪುತ್ತದೋ ಇಲ್ಲವೋ ಹೆಗಲ ಮೇಲೆ ಹಾಕಿ ನೋಡಲು ಯಾರಾದರೂ ಬೇಕಲ್ಲ! ನನ್ನ ವಿಷಯ ಆಮೇಲೆ ಹೇಳುತ್ತೇನೆ.

ನಾನು ಬೆಳೆದದ್ದು ದಾವಣಗೆರೆಯಲ್ಲಿ. ಹತ್ತಿ ಗಿರಣಿಗಳ ದೆಸೆಯಿಂದ ಊರಿಗೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಬಿರುದಿದ್ದ ಕಾಲ ಮುಗಿಯುತ್ತ ಬಂದಿತ್ತು. ಆದರೆ ಬಟ್ಟೆಯನ್ನು ತಾನುಗಟ್ಟಲೆ ತರುವ ಅಪ್ಪನ ಚಟ ಮುಗಿದಿರಲಿಲ್ಲ. ದೀಪಾವಳಿಗೆ ಒಂದು ತಾನು ಬರುತ್ತಿತ್ತು. ಅಣ್ಣನಿಗೆ, ನನಗೆ, ತಮ್ಮನಿಗೆ ಅಂಗಿ. ಉಳಿದದ್ದರಲ್ಲಿ ತಂಗಿಗೆ ಫ್ರಾಕು. ಇನ್ನೂ ಉಳಿದರೆ ದಿಂಬಿಗೆ ಗವಸು, ಕಿಟಕಿಗೆ ಪರದೆ. ಆಗಿನ ಫೋಟೋಗಳಲ್ಲಿ ಯಾರೆಲ್ಲಿದ್ದಾರೆ ಎಂದು ತಿಳಿಯಬೇಕಾದರೆ ಬರೀ ತಲೆಗಳನ್ನು ನೋಡುತ್ತ ಹೋಗಬೇಕು. ಟೈಲರಿಗೆ ಅಪ್ಪ ಹೇಳುತ್ತಿದ್ದದ್ದು ಒಂದೇ ಮಾತು: “ಬೆಳೆಯೋ ಹುಡುಗ್ರು, ಸ್ವಲ್ಪ ಸಡಿಲ ಇರ್ಲಿ.” ಚಡ್ಡಿಯ ಅಂಚಿನಲ್ಲಿ ಮುಂದಿನ ಎರಡು ವರ್ಷದ ಬೆಳವಣಿಗೆಯನ್ನು ಮಡಿಚಿಟ್ಟು ಹೊಲಿದಿರುತ್ತಿದ್ದರು. ಅದು ಮೈಗೆ ಸರಿಯಾಗುವ ಹೊತ್ತಿಗೆ ತಮ್ಮನ ಪಾಲಾಗಿರುತ್ತಿತ್ತು. ನನ್ನ ಅಳತೆಗೆ ಕೂಡಿಬಂದದ್ದೆಲ್ಲ ಅಣ್ಣನ ಹಳೆಯವು. ‘ಯಾವ ಬಣ್ಣ ಬೇಕು ಮಗಾ?’ ಎಂದು ಯಾರಾದರೂ ಕೇಳಿದ್ದರೆ ನಾವು ಗಾಬರಿಯಾಗುತ್ತಿದ್ದೆವು. ‘ಏನು ಬೇಕು’ ಎಂದು ಮಕ್ಕಳನ್ನು ಆಗ ಕೇಳುತ್ತಿದ್ದದ್ದು ಟಾನ್ಸಿಲ್ ಆಪರೇಷನ್ನಿಗೆ ಮುಂಚೆ ಮಾತ್ರ.

ಈಗ ಕಾಲ ಹಾಗಿಲ್ಲ. ಮಗಳು ಪುಟ್ಟಿ ಹೋಗುವ ಮಾಂಟೆಸರಿಯಲ್ಲಿ ಪೋಷಕರ ಸಭೆ ಕರೆದು, ಮಕ್ಕಳ ಬಟ್ಟೆ ಮಕ್ಕಳೇ ಆರಿಸಲಿ, ಅವರೇ ತೊಡಲಿ, ನೀವು ಕೈಹಾಕಬೇಡಿ ಎಂದರು. ಅಲ್ಲಿ ಸಾಲಾಗಿ ಮರದ ಚೌಕಟ್ಟುಗಳಿವೆ. ಒಂದೊಂದಕ್ಕೂ ಎರಡು ಹೋಳು ಬಟ್ಟೆ ಬಿಗಿದು, ಒಂದರಲ್ಲಿ ಗುಂಡಿ ಕಾಜ, ಒಂದರಲ್ಲಿ ಹುಕ್ಕು, ಒಂದರಲ್ಲಿ ಲಾಡಿ, ಒಂದರಲ್ಲಿ ಜಿಪ್ಪು. ಮಕ್ಕಳು ನಾಲಿಗೆ ಕಚ್ಚಿಕೊಂಡು ಬಿಚ್ಚುತ್ತವೆ, ಹಾಕುತ್ತವೆ, ಮತ್ತೆ ಬಿಚ್ಚುತ್ತವೆ. ಇದೆಲ್ಲ ಮರಿಯಾ ಮಾಂಟೆಸರಿ ಯೋಚಿಸಿ ಮಾಡಿದ್ದು. ಶಿಕ್ಷಕರಿಗೆ ತರಬೇತಿ ಕೊಡಲು 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದಾಕೆ, ಇಟಲಿಯೂ ಯುದ್ಧಕ್ಕಿಳಿದು, ಅಲ್ಲಿಯವರೆಂಬ ಕಾರಣಕ್ಕೆ ಊರಿಗೆ ಮರಳಲಾಗದೆ ವರ್ಷಗಟ್ಟಲೆ ನಮ್ಮ ದೇಶದಲ್ಲೇ ಉಳಿದರು. ಕೆಲವು ಕಾಲ ಕೊಡೈಕೆನಾಲಿನಲ್ಲೂ ಇದ್ದರು. ಆ ಚಳಿಯಲ್ಲಿ ಅಕ್ಕಪಕ್ಕದ ಮನೆಯ ಹೆಂಗಸರು ಯಾರೂ ಅವರಿಗೆ ‘ಸ್ವೆಟರ್ ಹಾಕ್ಕೊಳ್ಳಿ’ ಅನ್ನದೆ ಬಿಟ್ಟಿರಲಾರರು. ಆಕೆ ಏನು ಉತ್ತರ ಕೊಟ್ಟರೋ, ಗೊತ್ತಿದ್ದರೆ ನಮಗೂ ಉಪಯೋಗವಾಗುತ್ತಿತ್ತು.

ಸಭೆಯ ಕೊನೆಗೆ ಟೀಚರಮ್ಮ ಒಂದು ಉಪಾಯವನ್ನೂ ಹೇಳಿಕೊಟ್ಟರು. ಬೀರು ಪೂರ್ತಿ ತೆರೆದಿಡಬೇಡಿ. ಎರಡೇ ಎರಡು ಬಟ್ಟೆ ಎದುರಿಗೆ ಹಿಡಿದು ‘ಇದಾ, ಅದಾ?’ ಎಂದು ಕೇಳಿ. ತಾನೇ ಆರಿಸಿದೆ ಎಂಬ ಸಮಾಧಾನ ಮಗುವಿಗೆ, ಎರಡೂ ನಾವು ಆರಿಸಿದ್ದೇ ಎಂಬ ಸಮಾಧಾನ ನಮಗೆ. ಚುನಾವಣೆಗಳಲ್ಲಿ ಮತ ಹಾಕಿ ಅಭ್ಯಾಸವಿದ್ದುದರಿಂದ ಪೋಷಕರಿಗೆ ಇದು ಥಟ್ಟನೆ ಅರ್ಥವಾಯಿತು.

ಮರುದಿನ ನನ್ನಾಕೆ ಒಂದು ಕೈಯಲ್ಲಿ ಕೆಂಪು ಫ್ರಾಕು, ಇನ್ನೊಂದರಲ್ಲಿ ನೀಲಿ ಫ್ರಾಕು ಹಿಡಿದು ನಿಂತಳು.

“ಯಾವುದು ಬೇಕು ಪುಟ್ಟಿ?”

“ಮೂರನೇದು.”

“ಮೂರನೇದು ಯಾವುದೇ?”

“ಹುಲೀದು.”

ಹುಲಿಯದೆಂದರೆ, ಫ್ಯಾನ್ಸಿ ಡ್ರೆಸ್ಸಿಗೆಂದು ಬಾಡಿಗೆಗೆ ತಂದು, ಬಾಲದ ಬುಡದಲ್ಲಿ ಹೊಲಿಗೆ ಬಿಟ್ಟಿತೆಂದು ಅಂಗಡಿಯವನು ನಮ್ಮ ತಲೆಗೇ ಕಟ್ಟಿದ ಪಟ್ಟೆಪಟ್ಟೆ ಉಡುಪು. “ಅದು ಒಗೆಯೋಕೆ ಹಾಕಿದೆ” ಎಂದಳು ತಾಯಿ. ಈ ಒಂದು ಸುಳ್ಳಿನ ಬಲದ ಮೇಲೆ ಎಷ್ಟು ಸಂಸಾರಗಳು ಬೆಳಗಿನ ಎಂಟು ಗಂಟೆಯನ್ನು ದಾಟುತ್ತಿವೆಯೋ ಲೆಕ್ಕವಿಲ್ಲ. ಪುಟ್ಟಿ ಮಾತಾಡದೆ ಎದ್ದುಹೋಗಿ, ವಾಷಿಂಗ್ ಮೆಷಿನ್ನಿನ ಬಾಗಿಲು ತೆಗೆದು, ತಲೆ ಒಳಗೆ ಹಾಕಿ ನೋಡಿ ಬಂದಳು. ಅವತ್ತು ಆಟೋದಲ್ಲಿ ಹುಲಿ ನನ್ನ ತೊಡೆಯ ಮೇಲೆ ಕೂತು ಶಾಲೆಗೆ ಹೋಯಿತು.

ಅವಳ ಶೂ ವಿಚಾರವನ್ನೂ ಹೇಳಬೇಕು. ಈಗಿನ ಮಕ್ಕಳ ಶೂಗಳಿಗೆ ಲೇಸಿಲ್ಲ, ಚರ್ರೆಂದು ಕಿತ್ತು ಒತ್ತಿದರೆ ಅಂಟುವ ವೆಲ್ಕ್ರೋ ಪಟ್ಟಿ. ಇದನ್ನು ಕಂಡುಹಿಡಿದವರು ಜಾರ್ಜ್ ಡಿ ಮೆಸ್ಟ್ರಲ್ ಎಂಬ ಸ್ವಿಟ್ಜರ್ಲೆಂಡಿನ ಎಂಜಿನಿಯರು. 1941ರಲ್ಲಿ ನಾಯಿಯೊಂದಿಗೆ ತಿರುಗಾಡಿ ಬಂದಾಗ ಅದರ ಮೈತುಂಬ ಯಾವುದೋ ಗಿಡದ ಕೊಕ್ಕೆಕಾಯಿಗಳು ಕಚ್ಚಿಕೊಂಡಿದ್ದವಂತೆ. ಅವನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದರಂತೆ. ನಾವೂ ಹೊಲಗದ್ದೆ ಸುತ್ತಿ ಚಡ್ಡಿತುಂಬ ಉತ್ತರಾಣಿ ಮುಳ್ಳು ಹತ್ತಿಸಿಕೊಂಡು ಮನೆಗೆ ಬಂದವರೇ. ಅವರಿಗೆ ಪೇಟೆಂಟು ಸಿಕ್ಕಿತು, ನಮಗೆ ಬೈಗುಳ. ಇರಲಿ. ಈ ಪಟ್ಟಿಯಿಂದಾಗಿ ಪುಟ್ಟಿ ಶೂ ಹಾಕಿಕೊಳ್ಳಲು ಯಾರನ್ನೂ ಕರೆಯುವುದಿಲ್ಲ. ಎಡಗಾಲಿನದು ಬಲಕ್ಕೆ, ಬಲಗಾಲಿನದು ಎಡಕ್ಕೆ ಹಾಕಿಕೊಂಡು, ಎರಡೂ ಪಾದಗಳು ಮುನಿಸಿಕೊಂಡು ಆಚೆಈಚೆ ಮುಖ ಮಾಡಿ ನಿಂತಿದ್ದರೂ, “ಸರಿಯಾಗಿದೆ” ಎನ್ನುತ್ತಾಳೆ. ನೋವಾಗುವುದಿಲ್ಲವೇನೇ ಎಂದರೆ, “ನಂಗಾಗಲ್ಲ, ನೋಡೋರಿಗೆ ಆಗತ್ತೆ.”

ಈ ಮಾತು ನನಗೆ ಆಮೇಲೂ ಕೆಲಸಕ್ಕೆ ಬಂತು. ನಾವು ಅವಳ ಬಟ್ಟೆಯನ್ನು ಎದುರುಮನೆಯವರ ಕಣ್ಣಿನಿಂದ ನೋಡುತ್ತೇವೆ, ಅವಳೋ ಒಳಗಿನಿಂದ ನೋಡುತ್ತಾಳೆ. ಫ್ರಾಕು ಯಾವ ಬಣ್ಣದ್ದಾದರೂ ಆದೀತು. ಕತ್ತಿನ ಹಿಂದೆ ಚುಚ್ಚುವ ಲೇಬಲ್ ಇರಕೂಡದು. ಕತ್ತರಿ ತಂದು ನನ್ನ ಕೈಗೆ ಕೊಟ್ಟು ಬೆನ್ನು ತಿರುಗಿಸಿ ನಿಲ್ಲುತ್ತಾಳೆ. ಹೇಗೆ ಒಗೆಯಬೇಕೆಂಬ ವಿವರವೂ ಆ ಲೇಬಲ್ಲಿನ ಜೊತೆಗೇ ಕಸದ ಬುಟ್ಟಿಗೆ ಹೋಗುವುದರಿಂದ ಮನೆಯಲ್ಲಿ ಗೊಂಬೆಗೂ ಒಳ್ಳೊಳ್ಳೆಯ ಉಡುಪುಗಳಾಗಿವೆ. ಗಿರಕಿ ಹೊಡೆದರೆ ನೆರಿಗೆ ಮೇಲೇಳಬೇಕು. ಅಂಗಡಿಯಲ್ಲಿ “ಮಗೂಗೆ ಎಷ್ಟು ವರ್ಷ? ನಾಲ್ಕಾ? ಆರರದ್ದು ತಗೊಳ್ಳಿ ಸಾರ್, ಬೆಳೀತಾಳೆ” ಎಂದು ಅಲ್ಲಿಯವರು ಅಪ್ಪನ ಧಾಟಿಯಲ್ಲೇ ಹೇಳುತ್ತಿರುವಾಗ ಇವಳು ಎರಡು ಸಾಲುಗಳ ನಡುವೆ ತಿರುಗಿ ತಿರುಗಿ ಪರೀಕ್ಷೆ ಮಾಡುತ್ತಿರುತ್ತಾಳೆ. ಒಮ್ಮೆಯಂತೂ ಎಲ್ಲ ನೋಡಿ ಕೊನೆಗೆ ಅವಳು ಬೇಕೆಂದು ಹಟ ಹಿಡಿದದ್ದು ಫ್ರಾಕಿಗಲ್ಲ, ಅದು ನೇತಾಡುತ್ತಿದ್ದ ಹ್ಯಾಂಗರಿಗೆ.

ಸಂಕ್ರಾಂತಿಗೆ ಅಮ್ಮ ತನ್ನ ಇಳಕಲ್ ಸೀರೆಯನ್ನೇ ಕತ್ತರಿಸಿ ಮೊಮ್ಮಗಳಿಗೆ ಲಂಗ ಹೊಲಿಸಿದಳು, ತೋಪುತೆನೆ ಸೆರಗಿನ ಕೆಂಪು ಸುತ್ತಲೂ ಬರುವ ಹಾಗೆ. ಮೇಲೆ ಗುಳೇದಗುಡ್ಡ ಖಣದ ಪೋಲಕ. ಕತ್ತಿಗೆ ಸರ, ಜಡೆಗೆ ಹೂವು. ಎಲ್ಲ ಆಗಿ ಎಳ್ಳಿನ ಬುಟ್ಟಿ ಕೈಗೆ ಕೊಡುವ ಹೊತ್ತಿಗೆ ಪುಟ್ಟಿ ಒಳಗೆ ಓಡಿಹೋಗಿ, ಎಲ್ಲದರ ಮೇಲೆ ಹಳದಿ ರೇನ್‌ಕೋಟು ಹಾಕಿಕೊಂಡು ಬಂದಳು. ಹೊರಗೆ ಒಂದು ಚೂರು ಮೋಡವಿಲ್ಲ. “ಏನವ್ವಾ ಇದು, ಲಂಗ ಎಲ್ಲಾ ಮುಚ್ಚಿಹೋತಲ್ಲ!” ಎಂದು ಅಮ್ಮ ಬಾಗಿಲಲ್ಲೇ ಕುಸಿದು ಕೂತಳು. ಬಿಚ್ಚಿಸಲು ನೋಡಿದೆವು. ಆಗಲಿಲ್ಲ.

ಎದುರುಮನೆಯ ಅಜ್ಜಿ, “ಏನೇ ಕೂಸೇ, ಮಳೆ ಬರತ್ತೇನೇ?” ಎಂದರು. ಪುಟ್ಟಿ ಅವರಿಗೆ ಎಳ್ಳು ಕೊಟ್ಟು, ಅವರು ಕೊಟ್ಟ ಪೊಟ್ಟಣ ಅಲ್ಲೇ ಬಿಚ್ಚಿ, ಆನೆಯ ಸಕ್ಕರೆ ಅಚ್ಚನ್ನು ಎರಡೇ ಬೆರಳಿನಲ್ಲಿ ಹೆಕ್ಕಿದಳು. ಚರ್ರೆಂದು ರೇನ್‌ಕೋಟಿನ ಜೇಬಿನ ಮುಚ್ಚಳ ಎಬ್ಬಿಸಿ, ಆನೆಯನ್ನು ಒಳಗಿಳಿಸಿ, ಅಂಗೈಯಿಂದ ಒತ್ತಿ ಮುಚ್ಚಿದಳು. ಉಳಿದ ಎಳ್ಳು, ಕೊಬ್ಬರಿ, ಕಬ್ಬಿನ ತುಂಡು ನನ್ನ ಕೈಗೆ. ಬೀದಿ ಮುಗಿಯುವ ಹೊತ್ತಿಗೆ ಎಡ ಜೇಬಿನಲ್ಲಿ ಪ್ರಾಣಿಗಳು, ಬಲ ಜೇಬಿನಲ್ಲಿ ಶಂಖ, ಬೃಂದಾವನ ಮುಂತಾದ ದೇವರ ಪೈಕಿಯವು ವಿಂಗಡವಾಗಿ ಸೇರಿದ್ದವು. ಪಕ್ಕದ ಮನೆಯ ಅದೇ ವಯಸ್ಸಿನ ಹುಡುಗ ಜುಬ್ಬ ಪೈಜಾಮ ತೊಟ್ಟು ಖಾಲಿ ಕೈಯಲ್ಲಿ ನಿಂತಿದ್ದ. ಇಡಲು ಏನೂ ಇಲ್ಲದ ಅವನಿಗೆ ನಾಲ್ಕು ಜೇಬು. ಮನೆಗೆ ಬಂದು ಪುಟ್ಟಿಯ ಬೀರು ತೆಗೆದು ನೋಡಿದೆ. ಲಂಗಕ್ಕೆ ಜೇಬಿಲ್ಲ, ಪೋಲಕಕ್ಕೆ ಇಲ್ಲ, ಫ್ರಾಕುಗಳಿಗೂ ಇಲ್ಲ. ಒಂದಕ್ಕೆ ಇದ್ದಂತೆ ಕಂಡಿತು, ಬೆರಳು ಹಾಕಿದರೆ ಬರೀ ಮುಚ್ಚಳ. ನನ್ನಾಕೆ ಹಿಂದಿನಿಂದ ನೋಡುತ್ತಿದ್ದವಳು, “ಹೊರಗೆ ಹೋದಾಗೆಲ್ಲ ನನ್ನ ಫೋನು ನಿಮ್ಮ ಜೇಬಲ್ಲಿ ಯಾಕಿರತ್ತೆ ಅಂತ ಈಗ ಗೊತ್ತಾಯ್ತಾ?” ಎಂದಳು. ಅಮ್ಮನ ಸಿಟ್ಟು ಮಾತ್ರ ಇಳಿದಿಲ್ಲ. “ಒಂದನೇ ಕ್ಲಾಸಿಗೆ ಸೇರ್ಲಿ, ವಾರವೆಲ್ಲ ಯೂನಿಫಾರ್ಮು, ಶನಿವಾರ ಬಿಳೀದು. ಆಗ ನೋಡ್ತೀನಿ” ಎಂದು ದಿನ ಎಣಿಸುತ್ತಿದ್ದಾಳೆ.

ಇನ್ನು ನನ್ನ ವಿಷಯ. ಮದುವೆಯಾದಾಗಿನಿಂದ ನಾನು ಇಸ್ತ್ರಿಯಾದ ಅಂಗಿಗಳ ಅಟ್ಟಿಯಲ್ಲಿ ಮೇಲಿರುವುದನ್ನು ಹಾಕಿಕೊಂಡು ಹೋಗುವವನು. ಕಳೆದ ತಿಂಗಳು ನನ್ನಾಕೆ ತವರಿಗೆ ಹೋಗಿದ್ದಳು, ಇಸ್ತ್ರಿಯವನು ಊರ ಜಾತ್ರೆಗೆ ಹೋಗಿದ್ದ. ಅಟ್ಟಿ ಖಾಲಿ. ಬೀರುವಿನ ಮುಂದೆ ಟವೆಲು ಸುತ್ತಿಕೊಂಡು ಏನೂ ತೋಚದೆ ನಿಂತಿದ್ದೆ. ಪುಟ್ಟಿ ಸ್ಟೂಲು ಎಳೆದುಕೊಂಡು ಬಂದು ಹತ್ತಿ, ಒಂದು ಕೈಯಲ್ಲಿ ನನ್ನ ಮದುವೆಯ ರೇಷ್ಮೆ ಜುಬ್ಬ, ಇನ್ನೊಂದರಲ್ಲಿ ಅಮ್ಮ ಹೆಣೆದ ಕೆಂಪು ಸ್ವೆಟರ್ ಹಿಡಿದಳು.

“ಇದಾ, ಅದಾ?”

“ಮೂರನೇದು ಇಲ್ವೇನೇ?”

“ಒಗೆಯೋಕೆ ಹಾಕಿದೆ.”

ಹೊರಗೆ ಬಿಸಿಲಿತ್ತು, ಜುಬ್ಬ ಆರಿಸಿದೆ. ಆಫೀಸಿನಲ್ಲಿ ಯಾರ ಮದುವೆ ಎಂದು ಎಲ್ಲರೂ ಕೇಳಿದರು. ಮಧ್ಯಾಹ್ನದ ಹೊತ್ತಿಗೆ ಅಕೌಂಟ್ಸಿನ ಇಬ್ಬರು ಬಂದು, ಊಟ ಯಾವ ಛತ್ರದಲ್ಲಿ ಎಂದು ವಿಚಾರಿಸಿಕೊಂಡು ಹೋದರು.