ಓಕೆ ಪುರಾಣ

ಕೊರಳಿಗೆ ಟೇಪು ಹಾಕಿಕೊಂಡ ನಮ್ಮ ಬೀದಿಯ ಟೈಲರ್‌ಗೆ 'ಬುಧವಾರ ಕೊಟ್ಟುಬಿಡಪ್ಪಾ' ಎಂದರೆ ಮಿಷನ್‌ನಿಂದ ತಲೆ ಎತ್ತದೆ 'ಓಕೆ ಸಾರ್' ಅನ್ನುತ್ತಾನೆ. ನೀವು ಹೇಳಿದ್ದು ಕಿವಿಗೆ ಬಿತ್ತು ಎಂದಷ್ಟೇ ಅದರ ಅರ್ಥ. ಬುಧವಾರಕ್ಕೂ ಅದಕ್ಕೂ ಸಂಬಂಧವಿಲ್ಲ.

ಮದುವೆ ಮಾತುಕತೆಯಲ್ಲಂತೂ ಈ ಪದದ ಹತ್ತಿರ ಹುಷಾರಾಗಿರಬೇಕು. 'ಹುಡುಗಿ ಓಕೆ ಅಂದ್ಳು' ಎಂದರೆ ಛತ್ರ ಹುಡುಕಲು ಹೊರಡಬಹುದು. 'ಹುಡುಗ ಓಕೆ, ಅಷ್ಟೇ' ಎಂದಳೋ, ಇನ್ನೊಂದು ಜಾತಕ ತರಿಸುವುದು ಲೇಸು. ಇನ್ನು, 'ಹುಳಿ ಹೇಗಿದೆ?' ಎಂದು ಹೆಂಡತಿ ಕೇಳಿದಾಗ 'ಓಕೆ' ಎಂದ ಗಂಡಸಿನ ಮಾರನೆಯ ದಿನದ ಊಟದ ವಿಚಾರ ಇಲ್ಲಿ ಬೇಡ.

ಇಷ್ಟೆಲ್ಲ ಹೊರೆ ಹೊತ್ತ ಈ ಪದ ಹುಟ್ಟಿದ್ದೇ ತಮಾಷೆಗೆ. ಬೇಕೆಂದೇ ಕಾಗುಣಿತ ಕೆಡಿಸಿ, ಕೆಟ್ಟ ಪದಗಳ ಮೊದಲಕ್ಷರ ಮಾತ್ರ ಅಚ್ಚುಹಾಕುವ ಚಟ ಆಗ ಅಮೆರಿಕದ ಬಾಸ್ಟನ್ ಪತ್ರಿಕೆಗಳಿಗಿತ್ತು. 1839ರ ಮಾರ್ಚ್ 23ರ 'ಬಾಸ್ಟನ್ ಮಾರ್ನಿಂಗ್ ಪೋಸ್ಟ್'ನಲ್ಲಿ 'ಆಲ್ ಕರೆಕ್ಟ್' ಎಂಬುದು ಎ, ಸಿ ಬದಲು ಓ, ಕೆ ಆಗಿ ಬಂತು. ಎಲ್ಲ ಸರಿ ಎಂದು ಸಾರುವ ಪದದಲ್ಲಿ ಒಂದಕ್ಷರವೂ ಸರಿಯಿಲ್ಲ! ಆ ಪುಣ್ಯಾತ್ಮರು ಕಾಗುಣಿತ ಸರಿಯಾಗಿ ಬರೆದಿದ್ದರೆ ನಾವೀಗ ಮಾತೆತ್ತಿದರೆ 'ಎಸಿ, ಎಸಿ' ಅನ್ನಬೇಕಿತ್ತು. ತಾಲ್ಲೂಕು ಕಚೇರಿಗಳಲ್ಲಿ ಅಸಿಸ್ಟೆಂಟ್ ಕಮಿಷನರ್ ಬಂದರೆಂದು ಎಲ್ಲರೂ ಎದ್ದು ನಿಲ್ಲುತ್ತಿದ್ದರು.

ಇಂಥ ಕುಚೋದ್ಯಗಳೆಲ್ಲ ಒಂದೆರಡು ವರ್ಷಕ್ಕೆ ಸತ್ತವು. ಓಕೆಯನ್ನು ಉಳಿಸಿದ್ದು ಚುನಾವಣೆ. 1840ರಲ್ಲಿ ಮತ್ತೆ ಅಧ್ಯಕ್ಷಗಿರಿಗೆ ನಿಂತ ಮಾರ್ಟಿನ್ ವ್ಯಾನ್ ಬ್ಯೂರನ್ ಅವರ ಊರು ಕಿಂಡರ್‌ಹುಕ್. 'ಓಲ್ಡ್ ಕಿಂಡರ್‌ಹುಕ್' ಎಂಬ ಅಡ್ಡಹೆಸರಿನಲ್ಲೂ ಓ, ಕೆ ಸಿಕ್ಕಿದ್ದೇ ತಡ, ಬೆಂಬಲಿಗರು ಓಕೆ ಕ್ಲಬ್ ಕಟ್ಟಿದರು. ಎದುರಾಳಿಗಳು ಬಿಡುತ್ತಾರೆಯೇ? ಹಿಂದಿನ ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್‌ಗೆ ಕಾಗುಣಿತ ಬಾರದೆ ಕಡತಗಳ ಮೇಲೆ ಓಕೆ ಎಂದು ಗೀಚುತ್ತಿದ್ದರೆಂದು ಕಥೆ ಕಟ್ಟಿದರು. ವ್ಯಾನ್ ಬ್ಯೂರನ್ ಸೋತು ಊರು ಸೇರಿದರು; ಓಕೆ ಊರೂರು ಸುತ್ತಿತು.

ಹೆಸರು ಬಂದಮೇಲೆ ನೆಂಟರು ಬರದೆ ಇರುತ್ತಾರೆಯೇ? ಗ್ರೀಕರು ನಮ್ಮದೆಂದರು. ಅಧ್ಯಕ್ಷ ವುಡ್ರೋ ವಿಲ್ಸನ್ ಇದು ಚೋಕ್ಟಾ ಬುಡಕಟ್ಟಿನ ನುಡಿಯದೆಂದು ನಂಬಿ 'ಓಕೆಹ್' ಎಂದೇ ಬರೆಯುತ್ತಿದ್ದರು. ಕೊನೆಗೆ 1960ರ ದಶಕದಲ್ಲಿ ಆಲನ್ ವಾಕರ್ ರೀಡ್ ಎಂಬ ಪ್ರಾಧ್ಯಾಪಕರು ಹಳೆಯ ಪತ್ರಿಕೆಗಳನ್ನು ಜಾಲಾಡಿ ಬಾಸ್ಟನ್ನಿನ ಜಾತಕ ಹೊರತೆಗೆದರು.

ಈಗಿನ ಮಕ್ಕಳಿಗೆ ಎರಡಕ್ಷರವೂ ಉದ್ದ. 'ಬರುವಾಗ ಹಾಲು ತಾರಪ್ಪಾ' ಎಂದು ಮಗನಿಗೆ ಮೆಸೇಜು ಹಾಕಿದರೆ 'ಕೆ' ಎಂದಷ್ಟೇ ಉತ್ತರ. ಇದ್ದ ಎರಡು ತಪ್ಪುಗಳಲ್ಲಿ ಒಂದು ಕಡಿಮೆಯಾಯಿತು. ಹಾಲು ಮಾತ್ರ ಬರಲಿಲ್ಲ.